ಮೋಟರಿಲ್ಲದ ಕಾರಂಜಿ

ಮಕ್ಕಳೇ, ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ಸುರಂಗದ ನೀರು ಅಡಿಕೆಮರದ ದಂಬೆಯಲ್ಲಿ ಹರಿದು ತೋಟಕ್ಕೆ ಇಳಿಯುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಕರೆಂಟೂ ಬೇಡ, ಪಂಪೂ ಬೇಡ. ನೀರು ಎತ್ತರದಲ್ಲಿದೆ, ಅಷ್ಟೇ ಸಾಕು. ಇದೇ ಉಪಾಯದಿಂದ ಒಂದು ಇಡೀ ಉದ್ಯಾನವನ್ನೇ ಮಾಡಬಹುದು ಗೊತ್ತಾ?

ಶ್ರೀನಗರದ ದಾಲ್ ಸರೋವರದ ಪೂರ್ವ ದಡದಲ್ಲಿ ನಿಶಾತ್ ಬಾಗ್ ಎಂಬ ಉದ್ಯಾನವಿದೆ. ನೂರ್ ಜಹಾನಳ ಅಣ್ಣ ಆಸಫ್ ಖಾನ್ 1633ರಲ್ಲಿ ಇದನ್ನು ಮಾಡಿಸಿದ. ಬೆಟ್ಟದ ಬುಡದ ಇಳಿಜಾರನ್ನು 12 ಹಂತಗಳಾಗಿ ಸಮತಟ್ಟು ಮಾಡಿದ್ದಾರೆ. ನಟ್ಟನಡುವೆ ಒಂದು ಕಾಲುವೆ. ಬೆಟ್ಟದ ಕಡೆಯಿಂದ ಬಂದ ನೀರು ಹಂತದಿಂದ ಹಂತಕ್ಕೆ ಧುಮುಕುತ್ತಾ ಸರೋವರದ ಕಡೆಗೆ ಇಳಿಯುತ್ತದೆ.

ಹಂತಗಳು ಯಾಕೆ ಬೇಕು? ಬರೀ ಇಳಿಜಾರಾದರೆ ನೀರಿನ ವೇಗ ಹೆಚ್ಚುತ್ತಾ ಹೋಗಿ ಮಣ್ಣು ಕೊಚ್ಚಿಹೋಗುತ್ತದೆ. ಹಂತ ಮಾಡಿದಾಗ ಸಮತಟ್ಟಿನಲ್ಲಿ ನೀರು ನಿಧಾನವಾಗಿ ಸಾಗುತ್ತದೆ. ಬೀಳುವುದೆಲ್ಲ ಅಂಚಿನ ಕಲ್ಲಿನ ಮೇಲೆ. ಮಣ್ಣು ಉಳಿಯುತ್ತದೆ, ಗಿಡದ ಬೇರಿಗೆ ನೀರು ಇಂಗುತ್ತದೆ.

ಇನ್ನು ಕಾರಂಜಿ. ಆ ಕಾಲದಲ್ಲಿ ಮೋಟರು ಎಲ್ಲಿತ್ತು? ಮೇಲಿನ ಹಂತದ ನೀರನ್ನು ಕೊಳವೆಯಲ್ಲಿ ಕೆಳಗೆ ತಂದು ಸಣ್ಣ ಬಾಯಿಯಿಂದ ಮೇಲ್ಮುಖವಾಗಿ ಬಿಟ್ಟರೆ ಅದು ಚಿಮ್ಮುತ್ತದೆ. ನೀರಿನ ಒತ್ತಡ ಅದರ ಎತ್ತರವನ್ನು ಅವಲಂಬಿಸಿದೆ, ಟ್ಯಾಂಕಿಯ ಅಗಲವನ್ನಲ್ಲ. 2 ಮೀಟರ್ ಎತ್ತರದ ನೀರು ಬುಡದಲ್ಲಿ ಸುಮಾರು 19.6 ಕಿಲೋಪಾಸ್ಕಲ್ ಒತ್ತಡ ಕೊಡುತ್ತದೆ. ಘರ್ಷಣೆ ಇಲ್ಲದಿದ್ದರೆ ನೀರು ಸೆಕೆಂಡಿಗೆ 6.3 ಮೀಟರ್ ವೇಗದಲ್ಲಿ ಹೊರಬರುತ್ತದೆ. ಆದರೆ ಎಷ್ಟೇ ಜಾಣತನ ಮಾಡಿದರೂ ಆ ಕಾರಂಜಿ 2 ಮೀಟರ್ ದಾಟುವುದಿಲ್ಲ. ಸ್ಥಿತಿಶಕ್ತಿ ಎಷ್ಟಿತ್ತೋ ಅಷ್ಟೇ ಚಲನಶಕ್ತಿ. ಕೊಳವೆಯ ಘರ್ಷಣೆ, ಗಾಳಿಯ ತಡೆ ಅದರಲ್ಲೂ ಒಂದಿಷ್ಟು ಕಸಿದುಕೊಳ್ಳುತ್ತವೆ.

ಹಂತದ ಅಂಚಿನಲ್ಲಿ ಇಳಿಜಾರಾಗಿ ಇಟ್ಟ ಕೆತ್ತನೆಯ ಕಲ್ಲಿಗೆ ಚಾದರ್ ಎಂದು ಹೆಸರು. ನಯವಾದ ಕಲ್ಲಾದರೆ ನೀರು ಸದ್ದಿಲ್ಲದೆ ಜಾರುತ್ತಿತ್ತು. ಉಬ್ಬುತಗ್ಗಿಗೆ ಬಡಿದಾಗ ಅದರೊಳಗೆ ಗಾಳಿ ಸೇರಿ ಬೆಳ್ಳಗೆ ಹೊಳೆಯುತ್ತದೆ. ಒಳಗೆ ಸಿಕ್ಕಿದ ಗಾಳಿಗುಳ್ಳೆಗಳು ಕಂಪಿಸುವುದರಿಂದಲೇ ಮನಸ್ಸಿಗೆ ಹಿತವಾದ ಆ ಜುಳುಜುಳು ಸದ್ದು.

ನೀವೂ ಮಾಡಿ ನೋಡಿ. ಬಾಟಲಿಯ ತಳ ಕತ್ತರಿಸಿ ತಲೆಕೆಳಗೆ ಹಿಡಿಯಿರಿ. ಬಾಯಿಗೆ ಉದ್ದದ ಕೊಳವೆ ಬಿಗಿದು, ಅದರ ಇನ್ನೊಂದು ತುದಿಗೆ ಖಾಲಿ ಪೆನ್ನಿನ ಮುಂಭಾಗ ಸಿಕ್ಕಿಸಿ. ನೀರು ತುಂಬಿಸಿ, ಬಾಟಲಿಯನ್ನು 30, 60, 90 ಸೆಂಟಿಮೀಟರ್ ಎತ್ತರಕ್ಕೆ ಏರಿಸಿ. ಪ್ರತಿಸಲ ಕಾರಂಜಿ ಎಷ್ಟು ಎತ್ತರ ಹೋಯಿತೆಂದು ಅಳೆದು ಬರೆಯಿರಿ.

ಕೊನೆಗೊಂದು ಮಾತು. ಇಂಥ ಉದ್ಯಾನದಲ್ಲಿ ಮೇಲಿನ ಒರತೆ ಬತ್ತಿದರೆ ಕೆಳಗಿನ ಎಲ್ಲ ಹಂತಗಳೂ ಒಣಗುತ್ತವೆ. ನಮ್ಮ ಸುರಂಗಗಳ ಕಥೆಯೂ ಅದೇ. ಗುಡ್ಡದ ಮೇಲೆ ಬಿದ್ದ ಮಳೆ ಮುರಕಲ್ಲಿನೊಳಗೆ ಇಂಗಿದರೆ ಮಾತ್ರ ಬೇಸಿಗೆಯಲ್ಲಿ ದಂಬೆ ತುಂಬೀತು. ನಿಮ್ಮ ಶಾಲೆಯ ಹಿಂದಿನ ಗುಡ್ಡದ ನೀರು ಮಳೆಗಾಲದಲ್ಲಿ ಎಲ್ಲಿಗೆ ಹೋಗುತ್ತದೆ? ಈ ಸಲ ಗಮನಿಸಿ.