ಕಿತ್ತೂರಿನಿಂದ ನರಗುಂದದವರೆಗೆ: ಎಸ್ಸೆಸ್ಸೆಲ್ಸಿ ಇತಿಹಾಸದ ಓದು

ಕರ್ನಾಟಕದ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಇತಿಹಾಸಕ್ಕೆ ಪ್ರತ್ಯೇಕ ಪತ್ರಿಕೆಯಿಲ್ಲ. ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ಮತ್ತು ವ್ಯವಹಾರ ಅಧ್ಯಯನಗಳೊಡನೆ ಅದು ಸಮಾಜ ವಿಜ್ಞಾನವೆಂಬ ಒಂದೇ ವಿಷಯದೊಳಗೆ ಸೇರಿದೆ. ಈ ವಿಷಯದ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೂ, ಉಳಿದ 20 ಆಂತರಿಕ ಮೌಲ್ಯಮಾಪನಕ್ಕೂ, ಅಂದರೆ ಶಾಲೆಯಲ್ಲೇ ವರ್ಷವಿಡೀ ನಡೆಯುವ ಕಿರುಪರೀಕ್ಷೆ ಮತ್ತು ಚಟುವಟಿಕೆಗಳಿಗೂ ಮೀಸಲಾಗಿವೆ. ಇಷ್ಟೆಲ್ಲ ವಿಷಯಗಳು ಒಂದೇ ಪತ್ರಿಕೆಯಲ್ಲಿ ಒತ್ತೊತ್ತಾಗಿ ಸೇರಿರುವುದರಿಂದ, ಇತಿಹಾಸವನ್ನು ಇಸವಿ ಮತ್ತು ಹೆಸರುಗಳ ಪಟ್ಟಿಯಾಗಿ ಬಾಯಿಪಾಠ ಮಾಡಿ ಮುಗಿಸುವ ರೂಢಿ ಬೆಳೆದಿದ್ದು, ಗೈಡುಗಳೂ ಪರೀಕ್ಷೆ ಹತ್ತಿರವಾದಾಗ ಹಂಚಲಾಗುವ ಪಾಸಿಂಗ್ ಪ್ಯಾಕೇಜುಗಳೂ ಈ ರೂಢಿಗೆ ಇಂಬು ಕೊಟ್ಟಿವೆ.

ಬೈಲಹೊಂಗಲ ತಾಲ್ಲೂಕಿನ ದೊಡವಾಡದಂಥ ಊರಿನ ವಿದ್ಯಾರ್ಥಿಗೆ ಈ ರೂಢಿಯಿಂದಾಗುವ ನಷ್ಟ ಉಳಿದವರಿಗಿಂತ ದೊಡ್ಡದು. ಬ್ರಿಟಿಷ್ ಆಳ್ವಿಕೆಗೆ ಕರ್ನಾಟಕದಲ್ಲಿ ಎದುರಾದ ಪ್ರತಿರೋಧಗಳ ಪಾಠದಲ್ಲಿ ಬರುವ ಸಂಗೊಳ್ಳಿ ಅದೇ ತಾಲ್ಲೂಕಿನಲ್ಲಿದೆ, ರಾಣಿ ಚೆನ್ನಮ್ಮ ಸೆರೆಯಲ್ಲಿ ಕಣ್ಮುಚ್ಚಿದ್ದು ಬೈಲಹೊಂಗಲದಲ್ಲಿ, ಕಿತ್ತೂರು ನೆರೆಯ ತಾಲ್ಲೂಕು. ಕಣ್ಣಿಗೆ ಪರಿಚಿತವಾದ ಈ ನೆಲವನ್ನು ಪಾಠದೊಂದಿಗೆ ಜೋಡಿಸಿ ಓದಿದವರಿಗೆ ಘಟನೆಗಳ ಕ್ರಮ ಸುಲಭವಾಗಿ ನೆನಪಿನಲ್ಲಿ ಉಳಿಯುತ್ತದೆ.

ಕಿತ್ತೂರಿನ ಪ್ರಕರಣವನ್ನೇ ನೋಡಬಹುದು. 1824ರಲ್ಲಿ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಳ್ಳಲಾಯಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತನ್ನು ಒಪ್ಪದೆ ಸಂಸ್ಥಾನದ ಮೇಲೆ ಕೈಯಿಕ್ಕಿದ ಕಾರಣ ಅಕ್ಟೋಬರ್ 23ರಂದು ಯುದ್ಧ ನಡೆದು ಆತ ಹತನಾದ. ಕಿತ್ತೂರು ಈಗ ಸೇರಿರುವ ಬೆಳಗಾವಿ ಪ್ರತ್ಯೇಕ ಜಿಲ್ಲೆಯಾದದ್ದು 1836ರಲ್ಲಿ ಎಂಬುದನ್ನು ತಿಳಿದವರಿಗೆ, ಕಿತ್ತೂರಿನ ವಿಷಯದಲ್ಲಿ ಧಾರವಾಡದ ಅಧಿಕಾರಿ ಏಕೆ ಬಂದನೆಂಬ ಗೊಂದಲ ಉಳಿಯುವುದಿಲ್ಲ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯದೊಂದಿಗೆ ಮರಳಿ ಬಂದ ಬ್ರಿಟಿಷರು ಕೋಟೆಯನ್ನು ವಶಪಡಿಸಿಕೊಂಡು ಚೆನ್ನಮ್ಮನನ್ನು ಸೆರೆಹಿಡಿದರು. ಆಕೆ 1829ರಲ್ಲಿ ತೀರಿಕೊಂಡಳು, ಆ ಹೋರಾಟವನ್ನು ಮುಂದುವರಿಸಿದ ಸಂಗೊಳ್ಳಿಯ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಬಾಯಿಪಾಠದ ಓದು ಎಡವುವುದು ಇಲ್ಲಿಯೇ. ಕಿತ್ತೂರು ಡಾಲ್‌ಹೌಸಿಯ 'ದತ್ತು ಮಕ್ಕಳಿಗೆ ಹಕ್ಕಿಲ್ಲ' ನೀತಿಗೆ ಬಲಿಯಾಯಿತೆಂದು ಬರೆದುಬಿಡುವುದು ಸುಲಭ. ಗಂಡುಸಂತಾನವಿಲ್ಲದ ಅರಸನ ದತ್ತುಪುತ್ರನಿಗೆ ಮಾನ್ಯತೆ ನಿರಾಕರಿಸಿ ಸಂಸ್ಥಾನವನ್ನು ಕಂಪನಿಯ ವಶಕ್ಕೆ ತೆಗೆದುಕೊಳ್ಳುವುದೇ ಈ ನೀತಿಯಾದರೂ, ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಸಾತಾರಾ, ನಾಗಪುರ, ಝಾನ್ಸಿಗಳ ಮೇಲೆ ಅದನ್ನು ಪ್ರಯೋಗಿಸಿದ್ದು ಆ ಬಳಿಕ. ಕಿತ್ತೂರಿನಲ್ಲಿ ದತ್ತನ್ನು ತಳ್ಳಿಹಾಕಿದ್ದು ಅದಕ್ಕಿಂತ 24 ವರ್ಷ ಮೊದಲು. ಇದನ್ನು ಗುರುತಿಸಿ ಬರೆಯುವ ವಿದ್ಯಾರ್ಥಿ, ಮುಂದೆ ದೇಶವ್ಯಾಪಿಯಾದ ಒಂದು ನೀತಿಯ ಮುನ್ಸೂಚನೆ ತನ್ನ ನೆರೆಯಲ್ಲೇ ಕಾಣಿಸಿಕೊಂಡಿತ್ತೆಂಬ ನಿಜವಾದ ಚಾರಿತ್ರಿಕ ತಿಳಿವಳಿಕೆಯನ್ನು ತೋರಿಸುತ್ತಾನೆ.

ಅದೇ ಎಳೆ ನರಗುಂದದವರೆಗೂ ಸಾಗುತ್ತದೆ. ಅಲ್ಲಿನ ದೊರೆ ಬಾಬಾಸಾಹೇಬ ಭಾಸ್ಕರರಾವ್‌ಗೆ ದತ್ತು ತೆಗೆದುಕೊಳ್ಳಲು ಅನುಮತಿ ಸಿಗದಿದ್ದುದು ಅವನ ಅಸಮಾಧಾನದ ಮುಖ್ಯ ಕಾರಣ; ಅವನು ದಂಗೆಯೆದ್ದಾಗ, 1858ರ ಮೇ ತಿಂಗಳಲ್ಲಿ, ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ ಸುರೇಬಾನ ರಾಮದುರ್ಗ ತಾಲ್ಲೂಕಿನ ಊರು. ಕಿತ್ತೂರು ಆ ನೀತಿಗೆ ಮುನ್ನ, ನರಗುಂದ ಅದರ ಬಳಿಕ ಎಂದು ಒಂದೇ ಗೆರೆಯ ಮೇಲೆ ಗುರುತಿಸಿಕೊಂಡರೆ ಇಸವಿಗಳು ಕಲಸಿಹೋಗುವುದಿಲ್ಲ. ಹಲಗಲಿಯ ಬೇಡರ ದಂಗೆಯ ಕಾರಣ ಬೇರೆ: ಜನರ ಬಳಿಯ ಆಯುಧಗಳನ್ನು ಕಸಿಯುವ 1857ರ ಶಸ್ತ್ರ ಕಾನೂನು. ಈ ದಂಗೆಯನ್ನು ಕುರಿತ ಲಾವಣಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ್ದ. ಹತ್ತನೆಯ ತರಗತಿಯ ಪ್ರಥಮ ಭಾಷೆ ಕನ್ನಡದಲ್ಲೂ ಅದು ಪದ್ಯಪಾಠವಾಗಿರುವುದರಿಂದ ಎರಡನ್ನೂ ಒಟ್ಟಿಗೆ ಓದುವುದು ಲಾಭಕರ. ಲಾವಣಿ ಜನರ ಭಾವವನ್ನು ಹಿಡಿಯುತ್ತದೆ. ಇಸವಿ ಮತ್ತು ಕಾರಣಗಳಿಗೆ ಮಾತ್ರ ಇತಿಹಾಸದ ಪಾಠವನ್ನೇ ಆಶ್ರಯಿಸಬೇಕು.

ಉತ್ತರ ಬರೆಯುವ ಅಭ್ಯಾಸಕ್ಕೂ ಇದೇ ಕ್ರಮ ಹೊಂದುತ್ತದೆ. ನಾಲ್ಕು ಅಂಕದ ಪ್ರಶ್ನೆಯೊಂದು ಕಿತ್ತೂರಿನ ಹೋರಾಟವನ್ನು ವಿವರಿಸಲು ಕೇಳಿದರೆ, ಚೆನ್ನಮ್ಮನ ಶೌರ್ಯದ ಹೊಗಳಿಕೆಯಿಂದ ಪುಟ ತುಂಬಿಸದೆ ದತ್ತಿನ ವಿವಾದ, ಅಕ್ಟೋಬರಿನ ಗೆಲುವು, ಡಿಸೆಂಬರಿನ ಸೋಲು ಮತ್ತು ರಾಯಣ್ಣನ ಮುಂದುವರಿಕೆಯನ್ನು ಒಂದರಿಂದ ಇನ್ನೊಂದು ಹುಟ್ಟಿದ ರೀತಿಯಲ್ಲಿ ನಾಲ್ಕೈದು ವಾಕ್ಯಗಳಲ್ಲಿ ಹೇಳಬೇಕು. ಪುಸ್ತಕ ಮುಚ್ಚಿ ಇದನ್ನು ಬರೆದು, ಬಳಿಕ ಪಠ್ಯದೊಂದಿಗೆ ತಾಳೆ ನೋಡಿದಾಗ, ಯಾವ ಕೊಂಡಿ ತಪ್ಪಿದೆಯೆಂಬುದು ವಿದ್ಯಾರ್ಥಿಗೆ ತಾನಾಗಿಯೇ ತಿಳಿಯುತ್ತದೆ.