ಎಕ್ಸ್‌ರೇಯಲ್ಲಿ ಕಾಣದ ನೋವು

ಕಾಲು ಉಳುಕಿದರೂ ನೋವು, ಮಾತು ಚುಚ್ಚಿದರೂ ನೋವು. ಕನ್ನಡ ಎರಡಕ್ಕೂ ಒಂದೇ ಪದ ಇಟ್ಟುಕೊಂಡಿದೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯೂ ಹೀಗೆಯೇ ಇದೆ: ನೋವು ದೇಹದ ಅನುಭವವೂ ಹೌದು, ಭಾವದ ಅನುಭವವೂ ಹೌದು, ಅದಕ್ಕೆ ಗಾಯ ಇರಲೇಬೇಕೆಂದಿಲ್ಲ. ನೋವಿನ ಸಂಕೇತಕ್ಕೆ ಬೆನ್ನುಹುರಿಯಲ್ಲಿ ಬಾಗಿಲಿನಂಥ ಏರ್ಪಾಡೊಂದಿದೆ, ಮಿದುಳಿನಿಂದ ಇಳಿದು ಬರುವ ಸಂದೇಶವೂ ಅದನ್ನು ತೆರೆಯಬಲ್ಲದು, ಮುಚ್ಚಬಲ್ಲದು ಎಂದು ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ವಾದಿಸಿದ್ದರು. ಹೆದರಿಕೆಯಲ್ಲೇ ದಿನ ತಳ್ಳಿದವರ ನರಮಂಡಲ ಸದಾ ಕಾವಲು ಕಾಯುತ್ತಿರುತ್ತದೆ. ಸಣ್ಣ ಸಂಕೇತವೂ ಅಲ್ಲಿ ದೊಡ್ಡದಾಗಬಹುದು. ವರ್ಷಗಟ್ಟಲೆ ಹೊಡೆತ ತಿಂದ ಹೆಣ್ಣುಮಗಳು ಸೊಂಟನೋವೆಂದು ಬಂದಾಗ, ಎಕ್ಸ್‌ರೇ ನೋಡಿ ‘ನಿಮಗೇನೂ ಆಗಿಲ್ಲ’ ಎನ್ನುವುದು ಒರಟುತನ ಮಾತ್ರವಲ್ಲ, ತಪ್ಪು ವೈದ್ಯವೂ ಹೌದು.

ಹಿಂದಿನವರು ಇದಕ್ಕಿಂತ ದೊಡ್ಡದನ್ನು ನುಂಗಿಕೊಂಡು ಬದುಕಲಿಲ್ಲವೇ ಎಂದು ಕೇಳುವವರಿದ್ದಾರೆ. ಗದಗ ಬಳಿಯ ಲಕ್ಕುಂಡಿಯಲ್ಲಿ ಆ ಪ್ರಶ್ನೆಗೆ ಸಾವಿರ ವರ್ಷದ ಹಿಂದಿನ ಅತ್ತಿಮಬ್ಬೆಯೇ ಸಾಕ್ಷಿಯಾಗುತ್ತಾಳೆ. ಗಂಡ ನಾಗದೇವ ಯುದ್ಧದಲ್ಲಿ ಮಡಿದ. ಅವನನ್ನೇ ಮದುವೆಯಾಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಮಗನಿಗಾಗಿ ಉಳಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿದಳು, ರನ್ನನ ಅಜಿತಪುರಾಣಕ್ಕೆ ಆಶ್ರಯವಾದಳು, 1007ರಲ್ಲಿ ಲಕ್ಕುಂಡಿಯ ಬ್ರಹ್ಮಜಿನಾಲಯ ಕಟ್ಟಿಸಿದಳು. ಇದನ್ನು ಬರೀ ಸಹನೆಯ ಕತೆಯಾಗಿ ಓದಲು ನನಗೆ ಮನಸ್ಸಿಲ್ಲ. ಆಕೆಗೆ ಸಂಪತ್ತಿತ್ತು, ನಂಬಿಕೆಯ ಸಮುದಾಯವಿತ್ತು, ಕೈತುಂಬ ಕೆಲಸವಿತ್ತು, ತನ್ನ ನಿರ್ಧಾರ ತಾನೇ ನಡೆಸುವ ಅಧಿಕಾರವಿತ್ತು. ಆಘಾತವನ್ನು ಅರಿತ ಆರೈಕೆ, ಅಂದರೆ ರೋಗಿ ಹಿಂದೆ ಉಂಡ ನೋವನ್ನು ಮನಸ್ಸಿನಲ್ಲಿಟ್ಟು ಮಾಡುವ ಚಿಕಿತ್ಸೆ, ಮರಳಿ ಕೊಡಬಯಸುವುದು ಇಂಥವನ್ನೇ: ಭದ್ರತೆ, ಭರವಸೆ, ಆಯ್ಕೆ. ಹೊಡೆಯುವವನ ಮನೆಗೇ ಸಂಜೆ ಹಿಂತಿರುಗಬೇಕಾದ ಕೂಲಿಯವಳಿಗೆ ಅವುಗಳಲ್ಲಿ ಒಂದೂ ಇರುವುದಿಲ್ಲ. ಅವಳ ಮುಂದೆ ಅತ್ತಿಮಬ್ಬೆಯ ಹೆಸರೆತ್ತುವುದು ಅನ್ಯಾಯ.

ಹಾಗೆಂದು ಹಳೆಯದನ್ನೆಲ್ಲ ಕೆದಕಬೇಕಿಲ್ಲ. ಒತ್ತಾಯಿಸಿ ಹೇಳಿಸಿದರೆ ಗಾಯ ಮತ್ತೆ ಹಸಿಯಾದೀತು. ಕಲ್ಲು, ಗಡ್ಡೆ, ಕ್ಷಯದ ತಪಾಸಣೆ ಬಿಡುವಂತೆಯೂ ಇಲ್ಲ. ಮುಟ್ಟುವ ಮೊದಲು ಹೇಳುವುದು, ಪರದೆ ಎಳೆಯುವುದು, ಜೊತೆಗೆ ಬಂದವರನ್ನು ಸ್ವಲ್ಪ ಹೊರಗೆ ಕೂರಿಸುವುದು, ‘ಬೇಡ’ ಎಂದರೆ ಕೈ ತೆಗೆಯುವುದು, ಮಾತಾಡಬೇಕೆನಿಸಿದಾಗ ಇರಲಿ ಎಂದು ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಬರೆದುಕೊಡುವುದು, ಇಷ್ಟರಿಂದ ಆರಂಭಿಸಬಹುದು. ಸಾಲುಗಟ್ಟಿ ನಿಂತ ರೋಗಿಗಳ ನಡುವೆ ಇದಕ್ಕೆಲ್ಲ ಪುರುಸೊತ್ತೆಲ್ಲಿ, ಇದು ಮನೋವೈದ್ಯರ ಕೆಲಸ ಎಂಬ ಆಕ್ಷೇಪಕ್ಕೆ ಉತ್ತರ ದೂರದಲ್ಲಿಲ್ಲ. ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಿಂದ ತುಂಗಭದ್ರೆ ದಾಟಿದರೆ ಸಿಗುತ್ತಿದ್ದ ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿತು. ಅಲ್ಲಿ ತರಬೇತಿ ಪಡೆದವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಜ್ವರಕ್ಕೆ, ಭೇದಿಗೆ ಔಷಧಿ ಕೊಡುತ್ತಿದ್ದ ವೈದ್ಯರು ಮತ್ತು ಊರೂರು ಸುತ್ತುತ್ತಿದ್ದ ಆರೋಗ್ಯ ಕಾರ್ಯಕರ್ತರು.