ಚಾರವಾರ್ತೆಯೂ ಪ್ರಭುವಿನ ಅಪೇಕ್ಷೆಯೂ

ಚಾರರು ತಂದ ವಾರ್ತೆಯನ್ನು ಒಬ್ಬನ ಮಾತಿನಿಂದಲೇ ನಂಬತಕ್ಕದ್ದಲ್ಲ. ಒಬ್ಬರನ್ನೊಬ್ಬರು ಅರಿಯದ ಮೂವರ ಮಾತು ಕೂಡಿಬಂದಲ್ಲಿ ಮಾತ್ರ ನಂಬತಕ್ಕದ್ದೆಂಬುದು ಕೌಟಿಲ್ಯನ ಮತ. ಈ ನಿಯಮವು ಚಾರನ ದೋಷಕ್ಕೆ ಪರಿಹಾರವೇ ಹೊರತು ವಾರ್ತೆಯನ್ನು ಅಪೇಕ್ಷಿಸುವ ಪ್ರಭುವಿನ ದೋಷಕ್ಕೆ ಅಲ್ಲ. ಪ್ರಜಾಪ್ರಭುತ್ವದಲ್ಲಿ ಈ ಎರಡನೆಯ ದೋಷವು ಗುರುತರವಾದುದು. ಏಕೆಂದರೆ ಅಲ್ಲಿ ಮಂತ್ರಿಗಳು ಗುಪ್ತವಾರ್ತೆಯನ್ನು ತಮ್ಮ ಕಾರ್ಯನಿಶ್ಚಯಕ್ಕೆ ಮಾತ್ರವಲ್ಲದೆ ಜನರ ಸಮ್ಮತಿಯನ್ನು ಪಡೆಯುವುದಕ್ಕೂ ಬಳಸುವರು.

ಇದಕ್ಕೆ ಇರಾಕ್ ಯುದ್ಧದ ಪೂರ್ವವೃತ್ತಾಂತವು ನಿದರ್ಶನವಾಗಿದೆ. ಇರಾಕಿನ ಕೆಲವು ರಾಸಾಯನಿಕ ಹಾಗೂ ಜೈವಿಕ ಅಸ್ತ್ರಗಳು ಆಜ್ಞೆಯಾದ 45 ನಿಮಿಷಗಳೊಳಗೆ ಪ್ರಯೋಗಕ್ಕೆ ಸಿದ್ಧವಾಗಬಲ್ಲವೆಂದು ಬ್ರಿಟಿಷ್ ಸರಕಾರವು 2002ನೆಯ ಸೆಪ್ಟೆಂಬರ್ 24ರಂದು ಪ್ರಕಟಿಸಿತು. ಆ ಮಾತು ರಣರಂಗದ ಅಲ್ಪದೂರದ ಆಯುಧಗಳಿಗೆ ಸಂಬಂಧಿಸಿದುದೆಂಬ ಪರೀಕ್ಷಕರ ತಿಳಿವಳಿಕೆಯು ಪ್ರಕಟಣೆಯಲ್ಲಿ ಕಾಣಲಿಲ್ಲ. ಮರುತಿಂಗಳು ಅಮೆರಿಕದಲ್ಲಿ ಇದೇ ವಿಷಯವನ್ನು ಕುರಿತ ಒಂದು ಗುಪ್ತಪಾಠವೂ ಒಂದು ಪ್ರಕಟಪಾಠವೂ ಹೊರಟವು. ರಾಸಾಯನಿಕ ಅಸ್ತ್ರಸಂಗ್ರಹದ ವಿಷಯದಲ್ಲಿ ನಿರ್ದಿಷ್ಟವಾದ ತಿಳಿವಳಿಕೆಯು ಅಲ್ಪವೆಂಬ ಒಪ್ಪಿಗೆಯು ಮೊದಲನೆಯದರಲ್ಲಿದ್ದಿತು, ಎರಡನೆಯದರಲ್ಲಿ ಲುಪ್ತವಾಯಿತು. ಊಹೆಯೆಂದು ಸೂಚಿಸುವ ಪದಗಳೂ ಹಲವೆಡೆ ಬಿಟ್ಟುಹೋದವು. ಹೀಗೆ ಅನುಮಾನವಾಗಿದ್ದುದು ಪಾಠಾಂತರದಿಂದ ಸಿದ್ಧಾಂತವಾಯಿತು. 2003ನೆಯ ಮಾರ್ಚ್ 20ರಂದು ಯುದ್ಧವು ಆರಂಭವಾಯಿತು. ಆ ಬಳಿಕ ಶೋಧನೆ ನಡೆಸಿದವರು ಅಂತಹ ಅಸ್ತ್ರಸಂಗ್ರಹವು ದೊರೆಯಲಿಲ್ಲವೆಂದು 2004ರಲ್ಲಿ ವರದಿ ಮಾಡಿದರು.

ಇಲ್ಲಿ ಪ್ರಭುಗಳು ಪರೀಕ್ಷಕರಿಗೆ ಸುಳ್ಳನ್ನು ಬರೆಯುವಂತೆ ಆಜ್ಞಾಪಿಸಿದರೆ? ರಾಜಕೀಯದ ಒತ್ತಡದಿಂದ ನಿರ್ಣಯಗಳು ಮಾರ್ಪಟ್ಟುದಕ್ಕೆ ಪ್ರಮಾಣವಿಲ್ಲವೆಂದು ಅಮೆರಿಕದ ಅಧ್ಯಕ್ಷರು ನೇಮಿಸಿದ ಆಯೋಗವು 2005ರಲ್ಲಿ ತೀರ್ಮಾನಿಸಿತು. ಆದರೂ ಅಂದಿನ ವಾತಾವರಣವು ರೂಢವಾದ ಅಭಿಪ್ರಾಯವನ್ನು ಸಂಶಯಿಸುವುದಕ್ಕೆ ಅನುಕೂಲವಾಗಿರಲಿಲ್ಲವೆಂದು ಅದೇ ಆಯೋಗವು ಒಪ್ಪಿಕೊಂಡಿತು. ಪ್ರಭಾವದ ಸೂಕ್ಷ್ಮಸ್ವರೂಪವು ಇದೇ: ಒಡೆಯನ ಇಂಗಿತವು ತಿಳಿದಿರುವಲ್ಲಿ ಆಜ್ಞೆಯು ಅನಾವಶ್ಯಕ.

ಬ್ರಿಟನ್ನಿನಲ್ಲಿ ಬಟ್ಲರ್ ಸಮಿತಿಯು 2004ರಲ್ಲಿ ಒಂದು ಪರಿಹಾರವನ್ನು ಸೂಚಿಸಿತು. ಗುಪ್ತವಾರ್ತೆಯನ್ನು ತೂಗಿನೋಡುವ ಸಮಿತಿಯ ಅಧ್ಯಕ್ಷನು ಮಂತ್ರಿಗಳೊಡನೆ ವ್ಯವಹರಿಸಿ ಅನುಭವವುಳ್ಳವನೂ, ಪ್ರಭಾವಕ್ಕೆ ಒಳಗಾಗದವನೆಂದು ಎಲ್ಲರಿಗೂ ತೋರುವವನೂ, ಪ್ರಾಯಶಃ ತನ್ನ ಕೊನೆಯ ಹುದ್ದೆಯಲ್ಲಿರುವವನೂ ಆಗಿರಬೇಕೆಂದು ಅದರ ಅಭಿಪ್ರಾಯ. ಮುಂದೆ ಪದವಿಯನ್ನು ಬಯಸಬೇಕಾಗಿಲ್ಲದವನಿಗೆ ಅಪ್ರಿಯವನ್ನು ನುಡಿಯುವುದು ಸುಲಭ. ಆದರೆ ಅವನು ನುಡಿದ ಸಂದೇಹವು ಜನರ ಕೈಸೇರುವ ಪ್ರತಿಯಲ್ಲಿಯೂ ಉಳಿಯತಕ್ಕದ್ದು. ಅದನ್ನು ಅಳಿಸಿದಲ್ಲಿ ಜನರು ಕೊಡುವ ಸಮ್ಮತಿಯು ತಿಳಿದು ಕೊಟ್ಟ ಸಮ್ಮತಿಯೆನಿಸದು.